ಕೊಲೆಗಾರನನ್ನು ಬದಲಾಯಿಸಿದವರು

ಆ ಸಿನಿಮಾ ಮುಗಿದು ಹೆಸರುಗಳು ಮೇಲೇರುವಾಗ, ಊಟದ ವ್ಯವಸ್ಥೆ ಮಾಡಿದವರಿಗಿಂತ ಸ್ವಲ್ಪ ಮೊದಲು, 'ಹೆಚ್ಚುವರಿ ಸಂಭಾಷಣೆ' ಎಂಬುದರ ಮುಂದೆ ನನ್ನ ಹೆಸರು ಬರುತ್ತದೆ. ಚಿತ್ರದುರ್ಗದ ಟಾಕೀಸಿನಲ್ಲಿ ಮೊದಲ ದಿನ ಅಷ್ಟು ಹೊತ್ತಿಗೆ ಮುಕ್ಕಾಲು ಜನ ಎದ್ದು ಹೋಗಿದ್ದರು. ನನ್ನ ಪಕ್ಕದಲ್ಲಿದ್ದ ಹಿರಿಯರು ಮಾತ್ರ ಏಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹೆಸರು ಓದುತ್ತ ಕೂತರು. ಸಿನಿಮಾದ ಮೂಲ ಕಾದಂಬರಿ ಅವರದು. ನಲವತ್ತು ವರ್ಷಕ್ಕೂ ಹಿಂದೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಪುಸ್ತಕವಾಗಿ, ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಜನ ಓದಿದ ಪತ್ತೇದಾರಿ ಕಾದಂಬರಿ ಅದು. ನನ್ನ ಹೆಸರು ಬಂದಾಗ ಅವರು ತಿರುಗಿ ನನ್ನ ಮುಖ ನೋಡಿದರು. ನಾನು ತೆರೆಯನ್ನೇ ನೋಡುತ್ತಿದ್ದೆ.

ಇದನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಬರೆದರೆ ಸಮಾಧಾನವಾಗುತ್ತದೆ ಎಂದು ನಂಬಿ ಬರೆಯುತ್ತಿಲ್ಲ.

ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿ, ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಭೀಮಸಮುದ್ರ, ಹೊಳಲ್ಕೆರೆ ಕಡೆಗೆ ಹೋಗುತ್ತಿದ್ದರು. ಅಲ್ಲಿ ರೈತರು ಗೊಬ್ಬರಕ್ಕೆಂದು ತಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೂ ಅಣ್ಣನೂ ಅಪ್ಪನ ಜೊತೆ ಇರುತ್ತಿದ್ದೆವು. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ನಾವು ಮಂದೆ ನಿಲ್ಲಿಸಿದ್ದ ಊರಿನಲ್ಲಿ ಒಂದು ಮನೆಯಲ್ಲಿ ಕಳವಾಯಿತು. ಹೊರಗಿನವರು ಎಂದರೆ ನಾವೊಬ್ಬರೇ. ಪೊಲೀಸರು ಬಂದು ಅಪ್ಪನನ್ನು ಕರೆದುಕೊಂಡು ಹೋದರು.

ಎರಡು ದಿನ ಇಟ್ಟುಕೊಂಡಿದ್ದರು. ಅಣ್ಣ ಕುರಿಗಳನ್ನು ಇನ್ನೊಬ್ಬರ ವಶಕ್ಕೆ ಬಿಟ್ಟು ಬಂದ. ನಾವಿಬ್ಬರೂ ಠಾಣೆಯ ಕಿಟಕಿಯ ಹೊರಗೆ ನಿಂತಿರುತ್ತಿದ್ದೆವು. ಏನು ಕೇಳಿದರೂ, ಹೊಡೆದರೂ, ಅಪ್ಪ ಒಂದೇ ಮಾತು ಹೇಳುತ್ತಿದ್ದರು, ಅಳುವಿಲ್ಲದೆ, ಸಿಟ್ಟಿಲ್ಲದೆ.

"ಸ್ವಾಮೀ, ನಿಮ್ಮೂರ ಹೊಲ ನಂಗೊತ್ತು. ನಿಮ್ಮನಿ ಬಾಗ್ಲು ಯಾವ ದಿಕ್ಕಿಗೈತೆ ಅಂಬೋದು ನಂಗೊತ್ತಿಲ್ಲ."

ಮೂರನೇ ದಿನ ಬಿಟ್ಟರು. ಯಾಕೆ ಹಿಡಿದರು, ಯಾಕೆ ಬಿಟ್ಟರು ಎಂದು ಯಾರೂ ಹೇಳಲಿಲ್ಲ. ಅಪ್ಪನ ಎಡಗಿವಿ ಆಮೇಲೆ ಸರಿಯಾಗಿ ಕೇಳಿಸಲಿಲ್ಲ. ಮನೆಯಲ್ಲಿ ಆ ವಿಷಯ ನಾವು ಎತ್ತುತ್ತಿರಲಿಲ್ಲ.

ಮುಂದಿನ ವರ್ಷ ಹಿರಿಯೂರಿನ ಲೈಬ್ರರಿಯಲ್ಲಿ ಆ ಕಾದಂಬರಿ ಸಿಕ್ಕಿತು. ಅಡಿಕೆ ತೋಟದ ಸಾಹುಕಾರನೊಬ್ಬನ ಕೊಲೆಯಾಗುತ್ತದೆ. ಪಕ್ಕದ ಹೊಲದಲ್ಲಿ ಮಂದೆ ನಿಲ್ಲಿಸಿದ್ದ ಕುರಿ ಕಾಯುವವನನ್ನು ಹಿಡಿಯುತ್ತಾರೆ, ಯಾಕೆಂದರೆ ಅವನ ಕಂಬಳಿಗೆ ರಕ್ತ ಅಂಟಿದೆ. ಕುರಿ ಈದಿತ್ತು ಸ್ವಾಮಿ, ಅದರ ರಕ್ತ, ಎನ್ನುತ್ತಾನೆ ಅವನು. ಯಾರೂ ನಂಬುವುದಿಲ್ಲ. ನಾನೂ ನಂಬಲಿಲ್ಲ. ನಾನು ಅದುವರೆಗೆ ಓದಿದ್ದ ಪುಸ್ತಕಗಳಲ್ಲಿ ನಮ್ಮಂಥವರು ಬಂದರೆ ಕಳ್ಳರೋ ಪೆದ್ದರೋ ಆಗಿರುತ್ತಿದ್ದರು. ಆದರೆ ಆ ಕಥೆಯಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರು ಇದ್ದಾರೆ. ಅವರು ಕೊಡೆ ಊರಿಕೊಂಡು ಎಂಟು ಮೈಲಿ ನಡೆದು, ಆ ಮಂದೆ ಮುಂದೆ ಹೋದ ಊರಿಗೇ ಹೋಗಿ, ಕುರಿಗಳ ನಡುವೆ ಕೂತು, ಎರಡು ದಿನದ ಮರಿಯೊಂದನ್ನು ಹುಡುಕುತ್ತಾರೆ. ಅದರ ಹೊಕ್ಕುಳ ಬಳ್ಳಿ ಇನ್ನೂ ಒಣಗಿರುವುದಿಲ್ಲ. ಕೊಂದವನು ಸಾಹುಕಾರನ ಸ್ವಂತ ಭಾವಮೈದುನ.

ಆ ಪುಟಗಳನ್ನು ನಾನು ಲೈಬ್ರರಿಯಲ್ಲೇ ಮೂರು ಸಲ ಓದಿದೆ. ಯಾರೋ ಒಬ್ಬರು ಹೋಗಿ ನೋಡಿದರಲ್ಲ ಅನ್ನಿಸಿತು. ನಾನು ಕನ್ನಡ ಎಂ.ಎ. ಮಾಡಿದ್ದಕ್ಕೆ, ಹೊಳಲ್ಕೆರೆಯಲ್ಲಿ ಪಾಠ ಹೇಳುವವಳಾದದ್ದಕ್ಕೆ ಬೇರೆ ಕಾರಣಗಳನ್ನೂ ಕೊಡಬಹುದು, ಆದರೆ ಮೊದಲ ಕಾರಣ ಆ ಕುರಿಮರಿ.

ಕೆಲಸ ಸಿಕ್ಕ ಮೇಲೆ ಆ ಲೇಖಕರು ಹೊಸದುರ್ಗದಲ್ಲಿದ್ದಾರೆ ಎಂದು ತಿಳಿಯಿತು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪತ್ರ ಬರೆದೆ. ಒಂದು ಕಾರ್ಡಿನಲ್ಲಿ ನಾಲ್ಕು ಸಾಲು ಉತ್ತರ ಬಂತು, ಭಾನುವಾರ ಬಿಡುವಾಗಿರುತ್ತೇನೆ ಎಂದು. ಹಾಗೆ ಶುರುವಾದದ್ದು ಹದಿನೈದು ವರ್ಷ ನಡೆಯಿತು. ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಬಾ ಮಗಳೆ ಎನ್ನುತ್ತಿದ್ದರು. ಅವರ ಹೆಂಡತಿ ಇರುವವರೆಗೆ ಆಕೆಯ ಕೈಯ ಮಂಡಕ್ಕಿ ಒಗ್ಗರಣೆ, ಆಮೇಲೆ ಬೇಕರಿಯ ಖಾರ ಬನ್ನು. ಪತ್ತೇದಾರಿ ಬರೆದವರೆಂದು ಅವರನ್ನು ಸಾಹಿತ್ಯ ಸಮ್ಮೇಳನಕ್ಕೆ ಯಾರೂ ಕರೆದವರಲ್ಲ. ಅದರ ಬಗ್ಗೆ ಅವರು ಒಂದು ದಿನವೂ ಗೊಣಗಲಿಲ್ಲ.

ಆ ಕಾದಂಬರಿ ಹೇಗೆ ಹುಟ್ಟಿತು ಎಂದು ಅವರು ನನಗೆ ಹೇಳಿದ್ದು ಪರಿಚಯವಾಗಿ ಎಷ್ಟೋ ವರ್ಷಗಳ ಮೇಲೆ. ಅವರಿಗೆ ಹೊಸದಾಗಿ ನೌಕರಿ ಸಿಕ್ಕಿದ್ದಾಗ ಕೋರ್ಟಿನಲ್ಲಿ ಒಬ್ಬ ಕುರಿ ಕಾಯುವವನ ಕೇಸು ನಡೆಯಿತಂತೆ. ಕಂಬಳಿಯ ರಕ್ತ ಕುರಿಯದು ಎಂದು ಅವನು ಕೊನೆಯವರೆಗೂ ಹೇಳಿದ. ಅವನ ಹೇಳಿಕೆಯನ್ನು ಬರೆದುಕೊಂಡವರು ಇವರೇ. ಅವನಿಗೆ ಜೀವಾವಧಿಯಾಯಿತು.

"ಆ ಮರಿ ಎಲ್ಲೈತೆ ಅಂತ ಯಾರೂ ಹೋಗಿ ನೋಡ್ಲಿಲ್ಲ ಕಣಮ್ಮ. ನಾನೂ ಹೋಗ್ಲಿಲ್ಲ. ಹೋಗ್ಬಹುದಾಗಿತ್ತು. ಸೈಕಲ್ ಇತ್ತು ನನ್ನತ್ರ" ಎಂದರು.

ಅದಕ್ಕೇ ಹೆಡ್ಮಾಸ್ತರನ್ನು ಹುಟ್ಟಿಸಿ ಅಷ್ಟು ದೂರ ನಡೆಸಿದ್ದು. ಆ ದಿನ ನಾನು ಅವರಿಗೆ ನಮ್ಮ ಅಪ್ಪನ ವಿಷಯ ಹೇಳಿದೆ. ಅಪ್ಪನ ಆ ಮಾತನ್ನೂ ಹೇಳಿದೆ. ಅವರು ಒಳಗೆ ಹೋಗಿ ನೀರು ಕುಡಿದು ಬಂದರು.

ನಿರ್ದೇಶಕ ಬಂದದ್ದು ನನ್ನ ಮೂಲಕ. ಚಿತ್ರದುರ್ಗದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ, ಮೂವತ್ತು ದಾಟಿದ, ಒಂದು ಸಿನಿಮಾ ಮಾಡಿ ಹೆಸರು ಪಡೆದಿದ್ದ ಹುಡುಗ. ಆ ಕಾದಂಬರಿಯ ಬಗ್ಗೆ ನಾನು ಪತ್ರಿಕೆಯೊಂದಕ್ಕೆ ಬರೆದಿದ್ದ ಲೇಖನ ಓದಿ ಫೋನು ಮಾಡಿದ. ನಮ್ಮ ಜಿಲ್ಲೆಯ ಕಥೆಯನ್ನು ನಮ್ಮ ಜಿಲ್ಲೆಯ ಮಾತಿನಲ್ಲೇ ತೆಗೆಯಬೇಕು ಮೇಡಂ, ನೀವೇ ಸಂಭಾಷಣೆಗೆ ಸಹಾಯ ಮಾಡಬೇಕು ಎಂದ. ಅವನನ್ನು ಕರೆದುಕೊಂಡು ಹೊಸದುರ್ಗಕ್ಕೆ ಹೋದೆ.

ಹಿರಿಯರಿಗೆ ಮನಸ್ಸಿರಲಿಲ್ಲ. ಪುಸ್ತಕ ಪುಸ್ತಕವಾಗಿ ಇದ್ದುಬಿಡಲಿ ಎಂದರು. ಒಪ್ಪಿಸಿದವಳು ನಾನು. ಈಗಿನ ಮಕ್ಕಳು ಓದುವುದಿಲ್ಲ, ಸಿನಿಮಾ ನೋಡಿಯಾದರೂ ಪುಸ್ತಕ ಹುಡುಕುತ್ತಾರೆ ಎಂದು ವಾದಿಸಿದೆ. ನಾನಿರುತ್ತೇನಲ್ಲ, ಒಂದು ಸಾಲೂ ಹಾಳಾಗಲು ಬಿಡುವುದಿಲ್ಲ ಎಂದೆ. ಕೊನೆಗೆ ಅವರು ನಿರ್ದೇಶಕನಿಗೆ ಹೇಳಿದರು.

"ಹೆಂಗಾದ್ರೂ ತೆಗೀರಿ. ಹಾಡು ಹಾಕ್ರಿ, ಹೆಡ್ಮಾಸ್ತರಿಗೆ ಬೈಕು ಕೊಡ್ರಿ, ನಂದೇನೂ ತಕರಾರಿಲ್ಲ. ಕೊಲೆಗಾರನ್ನ ಮಾತ್ರ ಬದ್ಲಾಯಿಸಬ್ಯಾಡ್ರಿ."

ಸರ್, ಅದು ಹೇಗೆ ಸಾಧ್ಯ, ಎಂದ ಅವನು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕರಾರು ಪತ್ರದಲ್ಲಿ ಆ ಷರತ್ತು ಇರಲಿಲ್ಲ. ಓದಿ ನೋಡು ಮಗಳೆ ಎಂದು ಅವರು ನನ್ನ ಕೈಗೆ ಕೊಟ್ಟಿದ್ದರು. 'ಸಿನಿಮಾಕ್ಕೆ ತಕ್ಕಂತೆ ಅಗತ್ಯ ಬದಲಾವಣೆ' ಎಂಬ ಸಾಲನ್ನು ನಾನು ಓದಿದ್ದೆ. ಎಲ್ಲ ಕರಾರಿನಲ್ಲೂ ಇರುತ್ತದೆ ಎಂದುಕೊಂಡು ಸುಮ್ಮನಾಗಿದ್ದೆ.

ಆರು ತಿಂಗಳ ಮೇಲೆ ಚಿತ್ರದುರ್ಗದಲ್ಲಿ ಸಿನಿಮಾದವರು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಚಿತ್ರಕಥೆ ಓದಿದರು. ಮುಕ್ಕಾಲು ಭಾಗ ಕಾದಂಬರಿಯ ಹಾಗೆಯೇ ಇತ್ತು, ಕೆಲವು ಕಡೆ ಕಾದಂಬರಿಗಿಂತ ಚೆನ್ನಾಗಿತ್ತು ಎಂದೂ ಹೇಳಬೇಕು. ಹೆಡ್ಮಾಸ್ತರು ಎಳೆಯ ಮರಿಯನ್ನು ಎತ್ತಿಕೊಳ್ಳುವ ದೃಶ್ಯಕ್ಕೆ ನನಗೆ ಕಣ್ಣು ತುಂಬಿತು. ಆಮೇಲೆ ಹತ್ತು ಪುಟ ಉಳಿದಿದ್ದವು. ಆ ಹತ್ತು ಪುಟದಲ್ಲಿ ಗೊತ್ತಾಗುತ್ತದೆ, ಆ ಮರಿ ಆ ಮಂದೆಯದೇ ಅಲ್ಲ ಎಂದು. ಕುರಿ ಕಾಯುವವನು ಮೊದಲೇ ಯೋಚಿಸಿ ಬೇರೆ ಮಂದೆಯಿಂದ ತಂದು ಸೇರಿಸಿದ್ದಾನೆ. ಕೊಂದವನು ಅವನೇ.

ನಾನು ಎದ್ದು ನಿಂತೆ. ಏನೇನು ಹೇಳಿದೆನೋ ನೆನಪಿಲ್ಲ. ನಿರ್ದೇಶಕ ಸಿಟ್ಟಾಗಲಿಲ್ಲ. ಅವನ ಕೋಣೆಯಲ್ಲಿ ಕೂರಿಸಿ, ಕಾಫಿ ತರಿಸಿ, ನಿಧಾನಕ್ಕೆ ಹೇಳಿದ.

"ಮೇಡಂ, ಭಾವಮೈದುನ ಕೊಂದ ಅಂತ ಕಾದಂಬರಿ ಓದಿದೋರಿಗೆಲ್ಲ ಗೊತ್ತು. ಓದದೆ ಇರೋರಿಗೆ ಫೋನಲ್ಲಿ ಒಂದು ನಿಮಿಷಕ್ಕೆ ಗೊತ್ತಾಗುತ್ತೆ. ಮೊದಲ ಸಲ ಓದಿದಾಗ ನಿಮಗೆ ಆಶ್ಚರ್ಯ ಆಯ್ತಲ್ಲ? ನಾನು ಆ ಆಶ್ಚರ್ಯಕ್ಕೆ ನಿಷ್ಠನಾಗಿದ್ದೀನಿ."

ನಾನು ಪಾಠ ಹೇಳುವವಳು. ಒಳ್ಳೆಯ ವಾದ ಕೇಳಿದರೆ ಅದರ ಚೆಂದಕ್ಕೆ ಒಂದು ಗಳಿಗೆ ಸೋಲುವ ಅಭ್ಯಾಸವಿದೆ. ನನಗೆ ಆಶ್ಚರ್ಯವಾದದ್ದು ಬಡವನು ನಿರಪರಾಧಿಯಾಗಿದ್ದಕ್ಕೆ, ಬೇರೆ ಯಾವುದಕ್ಕೂ ಅಲ್ಲ ಎಂದು ಅವತ್ತೇ ಹೇಳಬೇಕಿತ್ತು. ಆ ಉತ್ತರ ಹೊಳೆದದ್ದು ಹೊಳಲ್ಕೆರೆಯ ಬಸ್ಸಿನಲ್ಲಿ.

ಒಂದು ವಾರ ಅವನ ಫೋನು ತೆಗೆಯಲಿಲ್ಲ. ಎಂಟನೇ ದಿನ ತೆಗೆದೆ. ಕೊನೆಯಲ್ಲಿ ಕುರಿಯವನು ತಪ್ಪೊಪ್ಪಿಕೊಳ್ಳುವ ದೃಶ್ಯಕ್ಕೆ ಮಾತು ಬೇಕು ಎಂದ. ನೀವು ಬರೆಯದಿದ್ದರೆ ಬೆಂಗಳೂರಿನಲ್ಲಿ ಯಾರೋ ಬರೆಯುತ್ತಾರೆ ಮೇಡಂ, ಅವನ ಬಾಯಲ್ಲಿ ಯಾವುದೋ ಸಿನಿಮಾ ಹಳ್ಳಿ ಭಾಷೆ ಬರುತ್ತೆ, ಎಂದ. ಅದು ನಿಜವೂ ಆಗಿತ್ತು. ಭಾಷೆಯನ್ನಾದರೂ ಉಳಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ. ಜೊತೆಗೆ, ಮುಚ್ಚಿಟ್ಟು ಏನು ಪ್ರಯೋಜನ, ತೆರೆಯ ಮೇಲೆ ನನ್ನ ಹೆಸರು ಬರುತ್ತದೆ ಎಂಬ ಆಸೆಯೂ ಇತ್ತು. ಕಾಲೇಜಿನಲ್ಲಿ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಒಂದು ಶನಿವಾರ ಮಧ್ಯಾಹ್ನ ಕೂತು ಬರೆದೆ. ಎರಡು ಪುಟ. ಎಷ್ಟು ಬರೆದರೂ ಅದಕ್ಕೆ ಜೀವ ಬರಲಿಲ್ಲ. ಕೊನೆಗೆ ಅಪ್ಪನ ಮಾತು ಬಂತು. ನಾನು ಕರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಮಾತಿನ ತುದಿ ಕತ್ತರಿಸಿದೆ, ಅಷ್ಟೇ. ಹೆಡ್ಮಾಸ್ತರಿಗೆ ಕುರಿಯವನು ನಗುತ್ತ ಹೇಳುತ್ತಾನೆ, "ನಿಮ್ಮೂರ ಹೊಲಾನೂ ನಂಗೊತ್ತು ಸ್ವಾಮಿ. ನಿಮ್ಮನಿ ಬಾಗ್ಲು ಯಾವ ದಿಕ್ಕಿಗೈತೆ ಅಂಬೋದೂ ನಂಗೊತ್ತು." ಓದಿ ನೋಡಿದೆ. ಮೈ ಜುಮ್ಮೆಂದಿತು. ಚೆನ್ನಾಗಿ ಬರೆದೆ ಎಂಬ ಸಂತೋಷದಲ್ಲಿ ಎದ್ದು ಹೋಗಿ ಟೀ ಮಾಡಿಕೊಂಡು ಕುಡಿದೆ. ಆ ಟೀಯನ್ನು ನಾನು ಮರೆಯಲಾರೆ.

ಹಿರಿಯರಿಗೆ ಹೇಳಲಿಲ್ಲ. ಆ ವರ್ಷ ಹೊಸದುರ್ಗದ ಭಾನುವಾರಗಳು ಕಡಿಮೆಯಾದವು. ಪರೀಕ್ಷೆ ಕೆಲಸ, ಮೌಲ್ಯಮಾಪನ ಎಂದೆಲ್ಲ ನೆಪ ಹೇಳಿದೆ. ಶೂಟಿಂಗ್ ಹೇಗೆ ನಡೆಯುತ್ತಿದೆ ಎಂದು ಅವರು ಫೋನಿನಲ್ಲಿ ಕೇಳಿದರೆ ಚೆನ್ನಾಗಿ ನಡೆಯುತ್ತಿದೆ ಎನ್ನುತ್ತಿದ್ದೆ. ಮರಿಯ ದೃಶ್ಯ ತೆಗೆದರಾ ಎಂದು ಒಮ್ಮೆ ಕೇಳಿದರು. ತೆಗೆದರು, ತುಂಬ ಚೆನ್ನಾಗಿ ಬಂದಿದೆ ಎಂದೆ. ಅದೂ ಸುಳ್ಳಲ್ಲ.

ಸಿನಿಮಾಕ್ಕೆ ಅವರನ್ನು ನಾನೇ ಕರೆದುಕೊಂಡು ಹೋದೆ. ಬೇರೆ ಯಾರಾದರೂ ಕರೆದುಕೊಂಡು ಹೋಗಲಿ ಎಂದು ಎಷ್ಟು ಆಸೆಪಟ್ಟರೂ ಯಾರೂ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮರಿಯ ದೃಶ್ಯದಲ್ಲಿ ನನ್ನ ಕೈ ಹಿಡಿದುಕೊಂಡರು. ಅವರ ಹಸ್ತ ಬೆಚ್ಚಗಿತ್ತು. ಮುಂದಿನ ಇಪ್ಪತ್ತು ನಿಮಿಷ ಹೇಗೆ ಹೋಯಿತೆಂದರೆ, ಆ ಹಸ್ತ ಯಾವಾಗ ಬಿಟ್ಟುಹೋಯಿತು ಎಂಬುದು ನನಗೆ ತಿಳಿಯಲಿಲ್ಲ. ಕುರಿಯವನು ನಗುತ್ತ ಆ ಮಾತು ಹೇಳಿದಾಗ ಟಾಕೀಸಿನಲ್ಲಿ ಶಿಳ್ಳೆ ಬಿದ್ದವು.

ಹೊರಗೆ ಬಂದೆವು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಿರ್ದೇಶಕ ಬಂದು ಅವರ ಕಾಲು ಮುಟ್ಟಿದ. ಒಳ್ಳೇದಾಗಲಿ ಎಂದರು. ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಬಂದೆವು. ಹೊಸದುರ್ಗದ ಬಸ್ಸಿನ ಹತ್ತಿರ ನಿಂತು ಕೇಳಿದರು.

"ಕೊನೆ ಮಾತು ಬರ್ದೋರು ನೀವೇ ಅಲ್ವ, ಮೇಡಂ?"

ಹದಿನೈದು ವರ್ಷದಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ನಾನು ಹೌದೆಂದೆ.

"ಅವನು ಸಿನಿಮಾದೋನು. ಅವನಿಗೆ ಬೇಕಾಗಿದ್ದು ಅವನು ಮಾಡ್ದ. ನೀವು ಆ ಪುಸ್ತಕ ಓದಿದೋರು" ಎಂದು ಹೇಳಿ ಬಸ್ಸು ಹತ್ತಿದರು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಬಸ್ಸು ಹೊರಡುವವರೆಗೂ ಅವರು ಈ ಕಡೆ ತಿರುಗಲಿಲ್ಲ.

ಆಮೇಲೆ ಎರಡು ಸಲ ಹೊಸದುರ್ಗಕ್ಕೆ ಹೋದೆ. ಬರ್ರಿ, ಕುಂತ್ಕಳ್ರಿ ಎಂದರು. ಕಾಫಿ ಕೊಟ್ಟರು. ನೀವು, ತಾವು ಎಂದೇ ಮಾತಾಡಿದರು. ಮಳೆ, ರಸ್ತೆ ಅಗಲ ಮಾಡುತ್ತಿರುವುದು, ಮಂಡಿ ನೋವು. ಕ್ಷಮೆ ಕೇಳಲು ಬಾಯಿ ತೆರೆದಾಗ ಪಕ್ಕದ ಮನೆಯವರ ಹಸು ಕರು ಹಾಕಿದ ವಿಷಯ ತೆಗೆದರು. ಮೂರನೇ ಸಲ ಹೋಗುವ ಧೈರ್ಯ ನನಗಾಗಲಿಲ್ಲ.

ಸಿನಿಮಾ ಗೆದ್ದಿತು. ಕೆಲವು ವಾರಕ್ಕೆ ಫೋನುಗಳಲ್ಲೂ ಬಂತು. ಆ ಬಾಗಿಲಿನ ಮಾತನ್ನು ಹುಡುಗರು ರೀಲ್ಸ್ ಮಾಡಿದರು. ನಮ್ಮ ಕಾಲೇಜಿನ ವರಾಂಡದಲ್ಲೂ ಕೇಳುತ್ತಿತ್ತು. ಪ್ರಿನ್ಸಿಪಾಲರು ಹಾರ ಹಾಕಿ ಸನ್ಮಾನ ಮಾಡಿದರು, ನಾನು ಹಾಕಿಸಿಕೊಂಡೆ. ಪ್ರಕಾಶಕರು ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿದರು. ಮುಖಪುಟದ ಮೇಲೆ ಸಿನಿಮಾದ ಚಿತ್ರ, ಕುರಿಯವನು ಕಂಬಳಿ ಹೊದ್ದು ಕೊಡಲಿ ಹಿಡಿದು ನಿಂತಿರುವುದು. ಒಳಗಿನ ಕಥೆಯಲ್ಲಿ ಅವನು ಇರುವೆಯನ್ನೂ ಕೊಂದಿಲ್ಲ. ಹಿರಿಯರು ಆ ಮುಖಪುಟ ತೆಗೆಸಲು ಎರಡು ಪತ್ರ ಬರೆದರಂತೆ. ಉತ್ತರ ಬರಲಿಲ್ಲವೆಂದು ಹೊಸದುರ್ಗದ ಪುಸ್ತಕದಂಗಡಿಯವರು ಹೇಳಿದರು.

ಸಿನಿಮಾ ನೋಡಿ ಪುಸ್ತಕ ಓದುತ್ತಾರೆ ಎಂದು ನಾನು ಹೇಳಿದ್ದು ಸುಳ್ಳಾಗಲಿಲ್ಲ. ಎರಡನೇ ಪಿಯುಸಿಯ ಒಬ್ಬ ಹುಡುಗಿ ಕೊಂಡು ಓದಿ, ಸ್ಟಾಫ್ ರೂಮಿಗೆ ಬಂದಳು. ಮೇಡಂ, ಪುಸ್ತಕದಾಗೆ ಕೊಲೆಗಾರನ್ನ ತಪ್ಪು ಬರ್ದಾರೆ, ಎಂದಳು. ತಪ್ಪಲ್ಲ, ಪುಸ್ತಕವೇ ಮೊದಲು ಬಂದದ್ದು ಎಂದು ವಿವರಿಸಿದೆ. ಅವಳು ಯೋಚಿಸಿ, ಆದರೂ ಕುರಿಯವನೇ ಆಗಿದ್ರೆ ಚೆನ್ನಾಗಿರುತ್ತೆ ಎಂದು ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಹಾಗನ್ನಿಸುವಂತೆ ಬರೆದವಳು ನಾನು.

ಅಪ್ಪ ಇದನ್ನೆಲ್ಲ ನೋಡಲು ಇರಲಿಲ್ಲ, ತೀರಿಹೋಗಿ ಎಂಟು ವರ್ಷವಾಗಿತ್ತು. ಅಣ್ಣ ಈಗಲೂ ಕುರಿ ಹೊಡೆದುಕೊಂಡು ಬರುತ್ತಾನೆ. ಸಿನಿಮಾ ಬಂದ ವರ್ಷ ಅವನ ಮಂದೆ ಮದಕರಿಪುರದ ಹತ್ತಿರ ಇದ್ದಾಗ ನೋಡಲು ಹೋದೆ. ಬೆಳಗಿನ ಹತ್ತು ಗಂಟೆ, ಜಾಲಿ ಮರದ ನೆರಳಿನಲ್ಲಿ ಕೂತು ಕುರಿಯ ಗೊರಸು ಕೆರೆಯುತ್ತಿದ್ದ. ಫೋನಿನಲ್ಲಿ ಸಿನಿಮಾ ನೋಡಿದೆ ಎಂದ. ಮುಂದೇನು ಹೇಳುತ್ತಾನೋ ಎಂದು ಕಾದೆ. ಆ ಕುರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡ.

ಅದರ ಹಿಂದಿನ ವಾರ ಅಣ್ಣ ಒಂದು ಊರಿನಲ್ಲಿ ನೀರು ಕೇಳಲು ಹೋಗಿದ್ದನಂತೆ. ಆ ಮನೆಯ ಹೆಂಗಸು ಚೆಂಬು ಕೊಡುತ್ತ, ನಮ್ಮನಿ ಬಾಗ್ಲು ಯಾವ ದಿಕ್ಕಿಗೈತೆ ನೋಡ್ಕಂಡ್ಯಾ, ಅಂದಳಂತೆ. ತಮಾಷೆಗೇ ಅಂದಳು, ಕೆಟ್ಟವಳಲ್ಲ ಎಂದ. ಆದರೆ ಅವಳ ಗಂಡ ಒಳಗಿಂದ ಬಂದು ಬಾಗಿಲಲ್ಲಿ ನಿಂತನಂತೆ, ಇವನು ನೀರು ಕುಡಿದು ಮುಗಿಸುವವರೆಗೂ.

"ಅಣ್ಣ, ನಾನು..." ಎಂದೆ.

"ನಾನೂ ಅವತ್ತು ಆ ಕಿಟಕಿ ಹತ್ರ ನಿಂತಿದ್ದೆ ಕಣವ್ವ. ಅಪ್ಪ ಏನಂದಿದ್ದು ಅಂತ ನಿಂಗಷ್ಟೇ ಅಲ್ಲ, ನಂಗೂ ಗೊತ್ತೈತೆ" ಎಂದ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವನು ಊಟ ಮಾಡಿಕೊಂಡು ಹೋಗು ಎಂದ. ಮುದ್ದೆಯೂ ಹುರುಳಿ ಸಾರೂ ಇತ್ತು. ಉಂಡೆ. ಹೊರಡುವಾಗ, ಅವ್ವನಿಗೆ ಏನೂ ಹೇಳಿಲ್ಲ, ನೀನೂ ಹೇಳಬೇಡ, ಎಂದ.

ಅವ್ವ ಊರಲ್ಲಿ ಅಣ್ಣನ ಹೆಂಡತಿ ಮಕ್ಕಳ ಜೊತೆ ಇದ್ದಾಳೆ. ಮಗಳ ಹೆಸರು ಸಿನಿಮಾದಲ್ಲಿ ಬಂದಿದೆ ಎಂದು ಬೀದಿಗೆಲ್ಲ ಹೇಳಿದ್ದಳು. ಯುಗಾದಿಗೆ ಹೋದಾಗ ತೋರಿಸಲೇಬೇಕು ಎಂದು ಹಠ ಹಿಡಿದಳು. ತಪ್ಪಿಸಿಕೊಳ್ಳಲು ಆಗಲಿಲ್ಲ. ಹಟ್ಟಿಯ ಮುಂದೆ ಕೂತು, ನನ್ನ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ನೋಡಿದಳು. ಕುರಿಯವನನ್ನು ಹಿಡಿದಾಗ ಪೊಲೀಸರನ್ನು ಬಯ್ದಳು. ಹೆಡ್ಮಾಸ್ತರು ಮರಿ ಎತ್ತಿಕೊಂಡಾಗ, ನೋಡು, ಈಗ ಬಿಡ್ತಾರೆ ಅವನ್ನ, ಎಂದಳು. ಅಲ್ಲಿ ನಾನು ಫೋನು ತೆಗೆದುಕೊಂಡು ಆರಿಸಿದೆ. ಚಾರ್ಜು ಮುಗಿಯಿತು ಎಂದೆ.

"ಆಮ್ಯಾಕೇನಾತು?"

ಅವನನ್ನು ಬಿಟ್ಟರು ಎಂದೆ. ಕೊಂದವನು ಭಾವಮೈದುನ, ಆಸ್ತಿಗೋಸ್ಕರ ಕೊಂದಿದ್ದ ಎಂದು, ಕಾದಂಬರಿಯಲ್ಲಿ ಇದ್ದ ಹಾಗೆಯೇ, ಒಂದೂ ಬಿಡದೆ ಹೇಳಿದೆ. ಹೆಡ್ಮಾಸ್ತರು ಕೋರ್ಟಿಗೆ ಬಂದು ನಿಂತದ್ದು, ಕುರಿಯವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದದ್ದು, ಅವನಿಗಿಂತ ಮೊದಲು ಅವನ ನಾಯಿ ಓಡಿಬಂದದ್ದು. ಅವ್ವ ತಲೆಯಾಡಿಸುತ್ತ ಕೇಳಿದಳು. ಚೆಂದಾಗಿ ಬರ್ದೀಯ, ಎಂದಳು.

ನಾನು ಬರೆದದ್ದಲ್ಲ ಅವ್ವ, ಎಂದೆ. ಅಷ್ಟರಲ್ಲಿ ಒಳಗಿಂದ ಅತ್ತಿಗೆ ಹೋಳಿಗೆಗೆ ಕೈ ಜೋಡಿಸಲು ಕರೆದಳು. ಅವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.